ದಿಲ್ಲಿಯಲ್ಲಿ ಉಳಿದ ಮೊಸರು

ನಮ್ಮ ಮಾಮಾ ಭಾರತ ದೇಶವನ್ನು ಎಷ್ಟು ನೋಡಿದರೆಂದರೆ, ಕಡೆಗೆ ಅವರಿಗೆ ಉಣ್ಣಲು ಏನೂ ಉಳಿಯಲಿಲ್ಲ.

ಹೀಗೆ ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ. ದೇಶ ನೋಡುವುದಕ್ಕೂ ಉಣ್ಣುವುದಕ್ಕೂ ಏನು ಸಂಬಂಧ? ಸಂಬಂಧ ಇದೆ. ಅವಸರ ಮಾಡದೆ ಕೇಳಬೇಕು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಬೈಲಹೊಂಗಲದಲ್ಲಿ ಮನೆ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನೌಕರಿ ಮುಗಿಯುವವರೆಗೆ ಅವರು ಕಂಡ ಜಗತ್ತು ಬೈಲಹೊಂಗಲ, ಯರಗಟ್ಟಿ, ಸವದತ್ತಿ, ರಾಮದುರ್ಗ. ತಿರುಗಿ ರಾಮದುರ್ಗ, ಸವದತ್ತಿ, ಯರಗಟ್ಟಿ, ಬೈಲಹೊಂಗಲ. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಇವರು ಕಣ್ಣು ಬಿಟ್ಟುಕೊಂಡೇ ತಿರುಗಿದರು. ನಿವೃತ್ತಿಯ ದಿನ ಕೊರಳಲ್ಲಿ ಹಾರ ಇದ್ದಾಗಲೇ ಅವರು ಹೇಳಿದ್ದು ಒಂದೇ ಮಾತು.

"ಇನ್ನ ರಾಮದುರ್ಗದಿಂದ ಮುಂದ ಏನೈತಿ ನೋಡೂಣು."

ರಾಮದುರ್ಗದಿಂದ ಮುಂದೆ ಭಾರತ ಇತ್ತು.

ಮೊದಲು ಹೋದದ್ದು ಕಾಶಿಗೆ, ನಿವೃತ್ತರ ಒಂದು ಗುಂಪಿನ ಜೊತೆ. ಹೆಂಡತಿಯನ್ನೂ, ಎಂದರೆ ನಮ್ಮ ಅತ್ತಿಯನ್ನೂ, ಕರೆದರು. "ಎಮ್ಮಿ ಹಿಂಡಾವ್ರ ಯಾರು? ನೀವು ಹೋಗಿ ಬರ್ರಿ, ನನ್ನ ಪಾಲಿಂದು ಒಂದ ಮುಳುಗ ಹಾಕ್ರಿ" ಎಂದಳು ಅತ್ತಿ.

ಕಾಶಿಗೆ ಹೋದವರು ಅಲ್ಲಿ ಏನಾದರೊಂದನ್ನು ಬಿಟ್ಟು ಬರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ತಮಗೆ ಬಲು ಪ್ರೀತಿಯಾದ ಒಂದು ತಿನಿಸನ್ನು ಗಂಗೆಯ ದಂಡೆಯಲ್ಲಿ ಬಿಟ್ಟರೆ, ಮುಂದೆ ಸಾಯುವವರೆಗೆ ಅದನ್ನು ಮುಟ್ಟುವಂತಿಲ್ಲ. ಪದ್ಧತಿ ಕಠಿಣ. ಆದರೆ ಜನ ಜಾಣರು. ಗುಂಪಿನಲ್ಲಿ ಒಬ್ಬರು ಹಾಗಲಕಾಯಿ ಬಿಟ್ಟರು. ಇನ್ನೊಬ್ಬರು ಸುವರ್ಣಗಡ್ಡೆ ಬಿಟ್ಟರು. ಮೂರನೆಯವರೊಬ್ಬರು ಹುಟ್ಟಿದಾಗಿನಿಂದ ಕಣ್ಣಲ್ಲಿ ಕಾಣದ ಸ್ಟ್ರಾಬೆರಿ ಬಿಟ್ಟು, ಕಣ್ಣೀರು ಬೇರೆ ಒರೆಸಿಕೊಂಡರಂತೆ. ನಮ್ಮ ಮಾಮಾ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬದನೆಕಾಯಿ ಬಿಟ್ಟರು.

ಅತ್ತಿ ಮಾಡುವ ತುಂಬುಬದನೆಕಾಯಿಯ ಎಣ್ಣೆಗಾಯಿ ತಿಂದವರಿಗೆ ಮಾತ್ರ ಇದರ ತೂಕ ಗೊತ್ತಾಗುತ್ತದೆ. ಎಣ್ಣೆಗಾಯಿ ಇದ್ದ ದಿನ ಮಾಮಾ ರೊಟ್ಟಿಯ ಲೆಕ್ಕ ಇಡುತ್ತಿರಲಿಲ್ಲ. ಅತ್ತಿ ತಟ್ಟುತ್ತ ಹೋಗಬೇಕು, ಅವರು ತಿನ್ನುತ್ತ ಹೋಗಬೇಕು. ಅಂಥದ್ದನ್ನು ಬಿಟ್ಟು ಬಂದು ಅವರು ಹೊಸಿಲು ದಾಟಿದಾಗ ಅತ್ತಿ ಒಲೆಯ ಮೇಲೆ ಅದನ್ನೇ ಇಟ್ಟಿದ್ದಳು. ವಿಷಯ ತಿಳಿದು ಬೋಗುಣಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು.

ಇಲ್ಲಿಗೆ ನಿಂತಿದ್ದರೆ ಮಾಮಾ ಎಲ್ಲರಂಥ ಭಕ್ತರಾಗುತ್ತಿದ್ದರು. ಆದರೆ ಕಂಡಕ್ಟರಾಗಿದ್ದವರ ಮನಸ್ಸು ಬೇರೆ. ಮುಂದೆ ದಿಲ್ಲಿಗೆ ಹೋದಾಗ ಕೆಂಪು ಕೋಟೆಯ ಎದುರು ನಿಂತ ಅವರಿಗೆ ಒಂದು ಸಂಶಯ ಬಂತು.

"ಕಾಶಿಯೊಳಗ ಕೊಟ್ಟು, ಇಲ್ಲೆ ಕೊಡದ ಹ್ವಾದ್ರ ಹೆಂಗ? ಒಂದ ಊರಿಗೆ ಟಿಕೆಟ್ ತಗೊಂಡು, ಇನ್ನೊಂದ ಊರಿಗೆ ಪುಕ್ಕಟ ಹತ್ತಿದಂಗ ಆಗ್ತದ."

ಬಾಗಿಲಲ್ಲಿ ಕೊಟ್ಟ ಟಿಕೆಟ್ಟು ಇದೆಯಲ್ಲ ಎಂದು ಜೊತೆಯವರು ಹೇಳಿದರು. ಅದು ಬಾಗಿಲಿನ ಟಿಕೆಟ್ಟು, ಊರಿನದಲ್ಲ ಎಂದರು ಮಾಮಾ. ಕೋಟೆಯ ಗೋಡೆಗೆ ಕೈ ಮುಟ್ಟಿಸಿ ಮೊಸರು ಬಿಟ್ಟರು. ಮನೆಯಲ್ಲಿ ಎಮ್ಮೆ ಕಟ್ಟಿಕೊಂಡವರು ಮೊಸರು ಬಿಟ್ಟರು!

ಆಮೇಲೆ ಅವರನ್ನು ತಡೆಯುವವರೇ ಇರಲಿಲ್ಲ. ಕಲಕತ್ತೆಯ ಹೌರಾ ಸೇತುವೆಯ ಮೇಲೆ ಶೇಂಗಾ ಚಟ್ನಿ ಹೋಯಿತು. ಮುಂಬಯಿಯ ಆ ದೊಡ್ಡ ರೈಲ್ವೆ ಸ್ಟೇಶನ್ನಿನ ಗುಮ್ಮಟದ ಕೆಳಗೆ ಚಹಾ ಹೋಯಿತು. ಹೈದರಾಬಾದಿನ ಚಾರಮಿನಾರಿನಲ್ಲಿ ಅವರು ಬಹಳ ಹೊತ್ತು ಯೋಚಿಸಿದರಂತೆ. ಮಿನಾರು ನಾಲ್ಕು ಇರುವಾಗ ಒಂದೇ ಪದಾರ್ಥ ಬಿಟ್ಟರೆ ಮೂರಕ್ಕೆ ಅನ್ಯಾಯವಾಗುತ್ತದೆ. ಅದಕ್ಕೆ ಮೆಂತ್ಯ, ಪುಂಡಿ, ರಾಜಗಿರಿ, ಪಾಲಕ ಎಂದು ಮಿನಾರಿಗೊಂದರಂತೆ ನಾಲ್ಕು ಸೊಪ್ಪು ಬಿಟ್ಟು ಬಂದರು. ನಮ್ಮ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಮಾತ್ರ ಏನೂ ಬಿಡಲಿಲ್ಲ. "ಆಕಿ ಮನಿಯಾಕಿ. ಮನಿಯವ್ರಿಗೆ ಯಾರರ ಟಿಕೆಟ್ ಹರೀತಾರೇನು?" ಎನ್ನುತ್ತಿದ್ದರು.

ಆಗ್ರಾದಲ್ಲಿ ಬಿಟ್ಟದ್ದು ಹೋಳಿಗೆ. ತಾಜಮಹಲನ್ನು ಹೆಂಡತಿಗಾಗಿ ಕಟ್ಟಿಸಿದ್ದು ತಾನೆ? ಆದ್ದರಿಂದ ಹೆಂಡತಿ ಚೆಂದ ಮಾಡುವುದನ್ನೇ ಅಲ್ಲಿ ಅರ್ಪಿಸಬೇಕು ಎಂಬುದು ಅವರ ಹಿಶೋಬು. ಅದನ್ನು ಕೇಳಿ ಅತ್ತಿ ನನ್ನ ಕಡೆ ತಿರುಗಿದಳು.

"ನೋಡಪಾ ತಮ್ಮಾ, ಆ ಬಾದಶಾ ಹೆಂಡ್ತಿ ಸಲುವಾಗಿ ಅಷ್ಟ ದೊಡ್ಡದ ಕಟ್ಟಿದ. ನಿಮ್ಮ ಮಾಮಾ ಅದನ್ನ ನೋಡಿ ಹೆಂಡ್ತಿ ಮಾಡೂ ಹೋಳಿಗಿ ಬಿಟ್ಟ ಬಂದ್ರು."

ಹೀಗೆ ಆ ಮನೆಯ ಅಡುಗೆಯ ಭಾಷೆಯೇ ಬದಲಾಯಿತು. ಬಂದ ಬೀಗರು "ಅವರಿಗೆ ಮೊಸರು ಹಾಕ್ರಿ" ಎಂದರೆ, ಅತ್ತಿ ಮುಖದ ಒಂದು ಗೆರೆಯೂ ಅಲುಗದೆ, "ಅವರ ಮೊಸರ ದಿಲ್ಲಿಯೊಳಗ ಐತ್ರಿ" ಎನ್ನುತ್ತಿದ್ದಳು. ದಿಲ್ಲಿಯಿಂದ ಮೊಸರು ತರಿಸುವಷ್ಟು ಇವರು ಸ್ಥಿತಿವಂತರೇ ಎಂದು ಬೀಗರು ಗಾಬರಿಯಾಗುತ್ತಿದ್ದರು. ನಾನು ದೊಡ್ಡವನಾದ ಮೇಲೆ, ಮೈಕ್ ಸೆಟ್ಟಿನ ಅಂಗಡಿ ಇಟ್ಟು ಎಷ್ಟೋ ವರ್ಷ ಕಳೆದ ಮೇಲೆ, ಹೊರಗಿನಿಂದ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕುಳಿತವನು. ಭೂಪಟದಲ್ಲಿ ಊರು ಗುರುತಿಸುವ ಪ್ರಶ್ನೆಗೆ ನನಗೆ ನೆನಪಾದದ್ದು ಮಾಮಾ ಅವರ ತಾಟು. ಉತ್ತರಕ್ಕೆ ಮೊಸರು, ಮೂಡಣಕ್ಕೆ ಚಟ್ನಿ, ಪಡುವಣಕ್ಕೆ ಚಹಾ. ಪಾಸಾದೆ.

ನಗುವ ದಿನಗಳು ಅಲ್ಲಿಗೆ ಮುಗಿದವು.

ಮಾಮಾ ಇಳಿಯುತ್ತ ಬಂದರು. ಮೊದಲು ಅಂಗಿ ದೊಡ್ಡದಾಯಿತು, ಆಮೇಲೆ ಕೈಗಡಿಯಾರ ಮೊಣಕೈವರೆಗೆ ಸರಿಯತೊಡಗಿತು. ಸೊಂಟದ ಕೆಳಗೆ ಹರ್ನಿಯಾದ ಗಂಟು ಇತ್ತು, ನೋವು ಇತ್ತು. ಒಂದು ದಿನ ಸಂತೆಯಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದರು. ದವಾಖಾನೆಗೆ ಕರೆದುಕೊಂಡು ಹೋದೆ. ಆಪರೇಷನ್ ಆಗಲೇಬೇಕು, ಆದರೆ ಮೈಯಲ್ಲಿ ರಕ್ತವೇ ಇಲ್ಲ, ಈ ಸ್ಥಿತಿಯಲ್ಲಿ ಕತ್ತರಿ ಹಚ್ಚಿದರೆ ಜೀವಕ್ಕೆ ಭರವಸೆ ಕೊಡಲಾರೆ ಎಂದರು ಡಾಕ್ಟರರು. ಹೊಟ್ಟೆ ತುಂಬ ಉಣಿಸಿ, ರಕ್ತ ಏರಿದ ಮೇಲೆ ಕರೆತನ್ನಿ ಎಂದರು. ಆಮೇಲೆ ಮಾಮಾನನ್ನೇ ಕೇಳಿದರು.

"ತಪ್ಪಲ ಪಲ್ಲೆ, ಸೊಪ್ಪು ತಿಂತೀರೇನ್ರಿ ಅಜ್ಜಾರ?"

"ಹೈದರಾಬಾದ್" ಎಂದರು ಮಾಮಾ.

"ಮೊಸರು, ಮಜ್ಜಗಿ?"

"ದಿಲ್ಲಿ."

"ಬೆಲ್ಲದ್ದು ಏನರ? ಹೋಳಿಗಿ ಅದು ಇದು?"

"ಆಗ್ರಾ."

ಡಾಕ್ಟರರು ಪೆನ್ನು ಕೆಳಗಿಟ್ಟು ನನ್ನನ್ನು ಹೊರಗೆ ಕರೆದು, ಇವರಿಗೆ ಮರೆವು ಯಾವಾಗಿನಿಂದ ಎಂದು ಕೇಳಿದರು.

ಮನೆಗೆ ಬಂದ ಮೇಲೆ ಅತ್ತಿ ಅವರ ಮುಂದೆ ಕುಳಿತಳು. ಬಿಟ್ಟದ್ದನ್ನು ತಿರುಗಿ ತೆಗೆದುಕೊಳ್ಳಿರಿ ಎಂದಳು. ಮಾಮಾ ತಲೆ ಅಲ್ಲಾಡಿಸಿದರು. ಎಲ್ಲಿ ಬಿಟ್ಟಿದ್ದಾರೋ ಅಲ್ಲಿಗೇ ಹೋಗಿ ತರಬೇಕು, ಮನೆಯಲ್ಲಿ ಕುಳಿತು ತೆಗೆದುಕೊಂಡರೆ ಕಳವು. ಈ ಮೈಯಲ್ಲಿ ದಿಲ್ಲಿ, ಕಲಕತ್ತೆ ಎಲ್ಲಿಯ ಮಾತು? ಎದ್ದು ಹಿತ್ತಲಿಗೆ ಹೋಗಲಿಕ್ಕೇ ಗೋಡೆ ಹಿಡಿಯುತ್ತಿದ್ದರು. ಅತ್ತಿ ಅಂದು ಬೆನ್ನು ತಿರುಗಿಸಿ ಬಹಳ ಹೊತ್ತು ಅಕ್ಕಿ ಆರಿಸಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

ದಾರಿ ತೋರಿಸಿದವರು ಚಾಚಾ. ಮಾಮಾ ಅವರ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ ಡ್ರೈವರು, ಈಗ ಅವರೂ ನಿವೃತ್ತರು. ನೋಡಲಿಕ್ಕೆಂದು ಬಂದು ಮಂಚದ ತುದಿಗೆ ಕುಳಿತರು. ಎಲ್ಲ ಕೇಳಿಸಿಕೊಂಡು ಗಡ್ಡ ನೀವಿಕೊಂಡರು.

"ಕಂಡಕ್ಟರ್ ಸಾಹೇಬ್ರ, ಮಲಪ್ರಭಾ ತುಂಬಿ ರಸ್ತಾ ಬಂದ್ ಆದಾಗ ನಾವೇನ ಮಾಡ್ತಿದ್ವಿ?"

"ಸುತ್ತ ಹಾಕಿ ಹೋಗ್ತಿದ್ವಿ."

"ಪ್ಯಾಸೆಂಜರ್ ಊರ ಮುಟ್ಟತಿದ್ದಿಲ್ಲೋ?"

"ಮುಟ್ಟತಿದ್ದ."

"ಸುತ್ತ ಹಾಕಿದ್ದಕ್ಕ ನೀವು ಎಂದಾರ ಹೊಸಾ ಟಿಕೆಟ್ ಹರದೀರೇನ?"

"ಯಾಕ ಹರೀಲಿ? ತಗೊಂಡ ಟಿಕೆಟ್ಟ ನಡೀತಿತ್ತು."

"ಹಂಗಾರ ಈಗ ದಿಲ್ಲಿ ರಸ್ತಾ ಬಂದ್ ಐತಿ. ಕಿತ್ತೂರ ಮ್ಯಾಲೆ ಸುತ್ತ ಹಾಕ್ರಿ. ಅದೂ ಕ್ವಾಟಿ, ಇದೂ ಕ್ವಾಟಿ."

ಮಾಮಾ ಕಣ್ಣು ಮುಚ್ಚಿ ವಿಚಾರ ಮಾಡಿದರು. ದೇವರು ಹೇಳಿದ್ದರೆ ಕೇಳುತ್ತಿರಲಿಲ್ಲವೇನೋ. ಹೇಳಿದವರು ಡ್ರೈವರು. "ಡ್ರೈವರ್ ಅಂದಮ್ಯಾಲ ಮುಗೀತು" ಎಂದರು.

ತಾಜಮಹಲಿನದೇ ಮೊದಲ ತೊಡಕಾಯಿತು. ಅದಕ್ಕೆ ಬದಲಿ ಯಾವುದು? ಚಾಚಾ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಮನಸ್ಸಿನಲ್ಲೇ ತಿರುಗಿ ಬಂದರು. ದೇಸಾಯರ ವಾಡೆಗಳಿವೆ, ತೊರಗಲ್ಲಿನ ಕೋಟೆ ಇದೆ, ಮಠಗಳಿವೆ, ದರ್ಗಾಗಳಿವೆ. "ಈ ನಾಕೂ ತಾಲೂಕಿನಾಗ ಹೆಂಡ್ತಿ ಸಲುವಾಗಿ ಯಾವನೂ ಒಂದ ಕುಂಡ್ರೂ ಕಟ್ಟೀನೂ ಕಟ್ಟಿಲ್ಲಲ್ರೀ" ಎಂದು ಅವರು ನಿಜವಾಗಿ ನೊಂದುಕೊಂಡರು. ಆಗ ಅತ್ತಿ ಒಳಗಿನಿಂದ ಹೇಳಿದಳು.

"ನನ್ನ ಸಲುವಾಗಿ ಇವರು ಹಿತ್ತಲದಾಗ ಬಚ್ಚಲ ಕಟ್ಟಸ್ಯಾರ. ಮ್ಯಾಲ ತಗಡಿನ ಪತ್ರಾಸ ಹೊದಸ್ಯಾರ. ಅದ ನನ್ನ ತಾಜಮಹಲ."

ಹೀಗೆ ನಮ್ಮ ಮಾಮಾ ಮುಂಜಾನೆಯ ಬಿಸಿಲಿನಲ್ಲಿ, ಬಚ್ಚಲುಮನೆಯ ಎದುರು, ಆಗ್ರಾದ ದಿಕ್ಕಿಗೆ ಮುಖ ಮಾಡಿ ನಿಂತು, ಬಸ್ಸು ಬಿಡುವಾಗಿನ ಹಾಗೆ "ರೈಟ್" ಎಂದು ಒಂದು ತುಂಡು ಹೋಳಿಗೆ ಬಾಯಿಗೆ ಹಾಕಿಕೊಂಡರು. ಬಚ್ಚಲಿನ ಬಾಗಿಲನ್ನು ಮಾತ್ರ ನಾನು ಮುಂಚೆಯೇ ಹಾಕಿದ್ದೆ.

ಮರುದಿನ ನನ್ನ ವ್ಯಾನಿನಿಂದ ಮೈಕಿನ ಸಾಮಾನು ಇಳಿಸಿ, ಮಾಮಾ, ಅತ್ತಿ ಇಬ್ಬರನ್ನೂ ಕೂರಿಸಿಕೊಂಡು ಕಿತ್ತೂರಿಗೆ ಹೋದೆ. ಕೋಟೆಯಲ್ಲಿ ಮುರಿದ ಗೋಡೆಗಳ ನಡುವೆ ಅತ್ತಿ ಮೊಸರಿನ ಡಬ್ಬಿ ತೆಗೆದಳು. ಕಾವಲಿನವ ಬಂದು, ಇಲ್ಲಿ ಊಟ ಮಾಡುವಂತಿಲ್ಲ ಎಂದ.

"ಊಟ ಅಲ್ಲೋ ಯಪ್ಪಾ" ಎಂದಳು ಅತ್ತಿ, "ಇವರ ಮೊಸರ ದಿಲ್ಲಿಯೊಳಗ ಸಿಕ್ಕೊಂಡೈತಿ. ಬಿಡಿಸ್ಕೊಂಡ ಹೋಗಾಕ ಬಂದೇವಿ."

ಅವನು ಅತ್ತಿಯನ್ನು ನೋಡಿದ, ಮಾಮಾನನ್ನು ನೋಡಿದ, ಡಬ್ಬಿಯನ್ನು ನೋಡಿದ. "ಬಿಡಿಸ್ಕೊಂಡ ಲಗೂನ ಹೊಂಡ್ರಿ ಯವ್ವಾ" ಎಂದು ಆ ಕಡೆ ಹೋದ. ಮಾಮಾ "ರೈಟ್" ಎಂದು ಎರಡು ಚಮಚ ಮೊಸರು ತಿಂದು ಬಾಯಿ ಒರೆಸಿಕೊಂಡರು. ಡಬ್ಬಿಯಲ್ಲಿ ಉಳಿದದ್ದನ್ನು ಅತ್ತಿ ಗೋಡೆಯ ಮರೆಗೆ ಹೋಗಿ ತಿಂದು ಮುಗಿಸಿದಳು. ಬಯಲ ಗಾಳಿಗೆ ಅವಳಿಗೆ ಹಸಿವಾಗಿರಬೇಕು ಎಂದುಕೊಂಡೆ.

ವ್ರತದ ತೊಡಕು ಬಿಡಿಸಿದ್ದಾಯಿತು, ಆದರೆ ಉಣ್ಣುವ ಮನುಷ್ಯ ಬರಲಿಲ್ಲ. ಮಾಮಾ ಎರಡು ಚಮಚದವರು ಆಗಿಬಿಟ್ಟಿದ್ದರು. ತೀರ್ಥದ ಹಾಗೆ ಅಂಗೈಯಲ್ಲಿ ತೆಗೆದುಕೊಂಡು ಸಾಕು ಎನ್ನುವರು. ಬಿಡುವುದನ್ನು ರೂಢಿ ಮಾಡಿಕೊಂಡ ಹೊಟ್ಟೆಗೆ ಬೇಡುವುದು ಮರೆತುಹೋಗಿತ್ತು. ಡಾಕ್ಟರರು ಮತ್ತೆ ನೋಡಿ, ಹೀಗೇ ಆದರೆ ಆಪರೇಷನ್ ಆಗದು ಎಂದರು. ಆ ಸಂಜೆ ಅತ್ತಿ ನನಗೆ ಹೇಳಿದಳು.

"ತಮ್ಮಾ, ಇವರ ಹಸಿವು ಬದನಿಕಾಯಿ ಜೋಡಿ ಹೋಗೇತಿ. ಅದ ಬಂದ್ರ ಇವರು ಉಣ್ತಾರ. ಉಂಡ್ರ ಬದುಕ್ತಾರ."

ಆದರೆ ಬದನೆಕಾಯಿ ಇದ್ದದ್ದು ಕಾಶಿಯಲ್ಲಿ. ಮಾಮಾ ಕಾಶಿಗೆ ಸುತ್ತುದಾರಿ ಒಪ್ಪಲಿಲ್ಲ. "ಕ್ವಾಟಿಗೆ ಕ್ವಾಟಿ ಐತಿ, ಬ್ರಿಜ್ಜಿಗೆ ಬ್ರಿಜ್ಜ ಐತಿ. ಕಾಶಿಗೆ ಕಾಶೀನ" ಎಂದರು. ಚಾಚಾ ಕೂಡ ಇದಕ್ಕೆ ಕೈ ಮುಗಿದರು. ದೊಡ್ಡ ಮಾತು, ನಾನು ಬಾಯಿ ಹಾಕುವುದಿಲ್ಲ ಎಂದರು.

ಉಳಿದವನ್ನಾದರೂ ಮುಗಿಸೋಣವೆಂದು ಮುಂದಿನ ವಾರ ಮೂಡಣಕ್ಕೆ ಹೊರಟೆವು. ಮುಂಬಯಿ ಸ್ಟೇಶನ್ನಿಗೆ ಬದಲು ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಮಾಮಾ ಅರ್ಧ ಕಪ್ಪು ಚಹಾ ಕುಡಿದರು. ಗುರುತಿನವರೊಬ್ಬರು, "ಏನ್ರಿ, ಮತ್ತ ಡ್ಯೂಟಿ ಮ್ಯಾಲ ಬಂದ್ರೇನು?" ಎಂದು ಕೇಳಿದ್ದಕ್ಕೆ ಅವರ ಮುಖ ಸ್ವಲ್ಪ ಅರಳಿತು. ಚಾರಮಿನಾರಿಗೆ ಬದಲು ಹಿಡಿದ ಸವದತ್ತಿಯ ಕೋಟೆಯ ಬುರುಜುಗಳು ನಾಲ್ಕಕ್ಕಿಂತ ಹೆಚ್ಚಾದವು. ಮಾಮಾ ಗೊಂದಲಕ್ಕೆ ಬಿದ್ದರು. "ನಾಕ ಎಣಿಸ್ರಿ, ಉಳಿದಾವು ನಮ್ಮವಲ್ಲ" ಎಂದು ಅತ್ತಿ ಅದನ್ನು ಬಗೆಹರಿಸಿದಳು. ಸೊಪ್ಪು ಬಂತು. ರಾಮದುರ್ಗದ ಸೇತುವೆಯ ಮೇಲೆ, ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಯುತ್ತಿರುವಾಗ, ಹೌರಾದಿಂದ ಚಟ್ನಿ ಬಂತು. ಪ್ರತಿಯೊಂದಕ್ಕೂ ಒಂದು "ರೈಟ್", ಪ್ರತಿಯೊಂದರಲ್ಲೂ ಎರಡು ಚಮಚ.

ಊಟಕ್ಕೆ ಹೊಳೆಯ ದಂಡೆಗೆ ಇಳಿದೆವು. ಬೇವಿನ ನೆರಳಿನಲ್ಲಿ ಒಂದೇ ಚಾಪೆ. ಅತ್ತಿ ರೊಟ್ಟಿಯ ಗಂಟು ಬಿಚ್ಚಿ, ಮೂರು ತಾಟು ಇಟ್ಟಳು. ಕೊನೆಗೆ ಒಂದು ಡಬ್ಬಿ ತೆಗೆದಳು. ಎಣ್ಣೆಗಾಯಿ. ವಾಸನೆಗೆ ನನ್ನ ಕೈ ತಾನಾಗಿ ಮುಂದೆ ಹೋಯಿತು. ಮಾಮಾ ಡಬ್ಬಿಯನ್ನು ನೋಡಿ ಮುಖ ಹೊಳೆಯ ಕಡೆ ತಿರುಗಿಸಿದರು.

"ಒಂದ ತುತ್ತು" ಎಂದಳು ಅತ್ತಿ.

"ಬ್ಯಾಡ. ಕಾಶೀದು."

ಅತ್ತಿ ಒತ್ತಾಯ ಮಾಡಲಿಲ್ಲ. ನನಗೆ ಬಡಿಸಿದಳು, ತಾನೂ ಕುಳಿತಳು.

ನಮ್ಮ ಮನೆಗಳಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಒಳಗೆ ಉಣ್ಣುತ್ತಾರೆ. ಬಡಿಸುವ ಕೈ ಕಾಣುತ್ತದೆ, ಉಣ್ಣುವ ತಾಟು ಕಾಣುವುದಿಲ್ಲ. ಇಲ್ಲಿ ಒಳಗು ಎಂಬುದೇ ಇರಲಿಲ್ಲ. ಮಾಮಾ ರೊಟ್ಟಿ ಮುರಿಯುತ್ತ ಮುರಿಯುತ್ತ ಅತ್ತಿಯ ತಾಟನ್ನು ನೋಡಿದರು. ಅದರಲ್ಲಿ ಚಟ್ನಿ ಇತ್ತು, ಮೆಂತ್ಯದ ಪಲ್ಯ ಇತ್ತು, ಮೊಸರು ಇತ್ತು.

"ನೀ ಯಾಕ ಬದನಿಕಾಯಿ ಹಚ್ಕೊಂಡಿಲ್ಲ?"

"ಆಮ್ಯಾಲ ಹಚ್ಕೊತೇನಿ."

"ಆಮ್ಯಾಲ ಯಾವಾಗ? ಅಳಿಯಾ ಡಬ್ಬಿ ಮುಗಸಾಕ ಹತ್ತ್ಯಾನ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ನನಗ ಒಲ್ಲೆ ಬಿಡ್ರಿ" ಎಂದಳು ಅತ್ತಿ.

"ಬದನಿಕಾಯಿ ಒಲ್ಲೆ ಅನ್ನಾಕಿ ಏನ ನೀ? ನನಗ ಅದರ ರುಚಿ ಹಚ್ಚಿದಾಕಿನ ನೀನು."

ಅತ್ತಿ ರೊಟ್ಟಿಯ ಅಂಚು ಮುರಿದು ಸುಮ್ಮನೆ ಹಿಡಿದುಕೊಂಡಳು. "ನೀವು ಬಿಟ್ಟೀರಿ. ನಿಮ್ಮ ತಾಟಿಗಿ ಇಲ್ಲದ್ದ ನನ್ನ ತಾಟಿಗಿ ಹೆಂಗ ಬರ್ತದ?"

ಮಾಮಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ.

"ಮೊಸರು?" ಎಂದರು.

"ಕಿತ್ತೂರಾಗ ತಿಂದೆನಲ್ಲಾ."

"ಅದಕ್ಕೂ ಮೊದ್ಲ?"

ಅತ್ತಿ ಮೊಸರಿನ ಡಬ್ಬಿಗೆ ಮುಚ್ಚಳ ಹಾಕಿದಳು.

"ಹೋಳಿಗಿ? ಪಲ್ಲೆ? ಚಹಾ?"

"ಚಹಾ ಬಿಡೂದ ಭಾಳ ತ್ರಾಸ ಆತ ನೋಡ್ರಿ" ಎಂದಳು ಅತ್ತಿ, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ. "ಮುಂಜಾನೆದ್ದು ಎಮ್ಮಿ ಹಿಂಡಾಕ ಕುಂತ್ರ ತಲಿ ಸಿಡೀತಿತ್ತು. ಆಮ್ಯಾಲ ರೂಢಿ ಆತು."

"ಒಂದ ಮಾತ ಹೇಳಬಾರ್ದಾಗಿತ್ತೇನ ನನಗ?"

"ಅದರಾಗ ಹೇಳೂದೇನೈತಿ? ನಾ ಉಣ್ಣೂವಾಗ ನೀವು ಎಂದ ಇದ್ರಿ?"

ಹೊಳೆಯ ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಮಾಮಾ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ಯಾವ ದಿಕ್ಕಿಗೂ ಮುಖ ಮಾಡಲಿಲ್ಲ, "ರೈಟ್" ಅನ್ನಲಿಲ್ಲ. ಒಂದು ಇಡೀ ಬದನೆಕಾಯಿಯನ್ನು ಎತ್ತಿ ಅತ್ತಿಯ ತಾಟಿಗೆ ಹಾಕಿದರು. ಇನ್ನೊಂದನ್ನು ತಮ್ಮ ತಾಟಿಗೆ ಹಾಕಿಕೊಂಡರು. ರೊಟ್ಟಿ ಅದ್ದಿ ಬಾಯಿಗೆ ಇಟ್ಟು, ನುಂಗಿ, "ತಗೋ, ನಾ ತಿಂದೆ. ಇನ್ನ ನೀ ತಿನ್ನು" ಎಂದರು.

ಅತ್ತಿ ತುತ್ತು ಎತ್ತಿದಳು. ಮಾಮಾ ಅವಳನ್ನೇ ನೋಡುತ್ತಿದ್ದರು. ಅವಳು ತುತ್ತನ್ನು ಕೆಳಗಿಳಿಸಿದಳು.

"ಹಿಂಗ ನೋಡ್ಕೋತ ಕುಂತ್ರ ನಾ ಹೆಂಗ ಉಣ್ಲಿ?"

"ಉಣ್ಣು. ಮದಿವಿ ಆದಾಗಿಂದ ನೀ ಉಣ್ಣೂದ ನಾ ನೋಡೇ ಇಲ್ಲ."

ಅತ್ತಿ ಸೆರಗು ಸರಿ ಮಾಡಿಕೊಂಡು, ತಲೆ ತಗ್ಗಿಸಿ, ಉಂಡಳು. ಮಾಮಾ ನೋಡಿದರು. ಆಮೇಲೆ ತಾವೂ ಉಂಡರು. ಚಮಚ ಕೆಳಗಿತ್ತು, ಕೈ ತಾಟಿನಲ್ಲಿತ್ತು. ಅವರ ರೊಟ್ಟಿ ಮುಗಿದದ್ದು ಕಂಡು ಅತ್ತಿ ಎಂದಿನಂತೆ ಬಡಿಸಲು ಅರ್ಧ ಎದ್ದಳು.

"ನೀ ಕುಂಡ್ರು" ಎಂದರು ಮಾಮಾ. "ನಾ ತಗೋತೇನಿ."

ಗಂಟಿನಿಂದ ಒಂದು ರೊಟ್ಟಿ ತೆಗೆದು ನಡುವೆ ಮುರಿದು, ದೊಡ್ಡ ತುಂಡನ್ನು ಅವಳ ತಾಟಿನಲ್ಲಿ ಇಟ್ಟರು.